ಲೆವೆಲ್ ನೋಡಿ ಟೀಮಿನವರನ್ನು ಸೋಸಬೇಕಾ?

ಪ್ರಶ್ನೆ: ನಾಲ್ಕು ಜನ ಸೇರಿ ಆಡುವ ಒಂದು ಕೋ-ಆಪ್ ಆಟವನ್ನು ಒಂದೂವರೆ ವರ್ಷದಿಂದ ಆಡುತ್ತಿದ್ದೇನೆ. ನನ್ನ ಲೆವೆಲ್ 140. ಕಷ್ಟದ ಮಿಷನ್ ಹಾಕಿ ಆಟೋ ಮ್ಯಾಚ್‌ಮೇಕಿಂಗ್ (ಆಟವೇ ಜೊತೆಗಾರರನ್ನು ಹುಡುಕಿಕೊಡುವ ಬಟನ್) ಒತ್ತಿದರೆ ಲೆವೆಲ್ 15, 20 ಇರುವವರು ಬಂದು ಸೇರುತ್ತಾರೆ. ಎರಡೇ ನಿಮಿಷಕ್ಕೆ ನೆಲಕ್ಕೆ ಬೀಳುತ್ತಾರೆ, ಅವರನ್ನು ಎಬ್ಬಿಸುವುದೇ ನನ್ನ ಕೆಲಸ. ಇಷ್ಟು ಲೆವೆಲ್‌ಗಿಂತ ಕೆಳಗಿನವರು ನನ್ನ ಟೀಮಿಗೆ ಬೇಡ ಅಂತ ಫಿಲ್ಟರ್ ಇಡಲು ಆಟದವರು ಯಾಕೆ ಬಿಡುವುದಿಲ್ಲ? ಇದನ್ನು ಹೇಳಿದರೆ ನನ್ನ ಗೆಳೆಯ ‘ನಿನಗೆ ಕೊಬ್ಬು’ ಅನ್ನುತ್ತಾನೆ. ಯಾರು ಸರಿ?

ಉತ್ತರ: ನಿಮಗೆ ಕೊಬ್ಬಿಲ್ಲ. ಬಿದ್ದವರನ್ನು ಎಬ್ಬಿಸಿ ಎಬ್ಬಿಸಿ ಸುಸ್ತಾಗಿದೆ, ಅಷ್ಟೇ. ಆದರೆ ನೀವು ಕೇಳುವ ಫಿಲ್ಟರ್ ಬಂದರೆ ಆ ಸುಸ್ತು ಹೋಗುತ್ತದೆ ಅಂತ ನನಗೆ ಅನಿಸುವುದಿಲ್ಲ. ನಾನು ಹಲವು ವರ್ಷಗಳಿಂದ ಆನ್‌ಲೈನ್ ಆಟಗಳ ಮ್ಯಾಚ್‌ಮೇಕಿಂಗ್ ಭಾಗದಲ್ಲೇ ಕೆಲಸ ಮಾಡುತ್ತಿದ್ದೇನೆ. ಈ ಬೇಡಿಕೆ ಹೆಚ್ಚುಕಮ್ಮಿ ಪ್ರತಿ ಆಟಕ್ಕೂ ಬರುತ್ತದೆ. ಒಂದು ಸಲ ನಾವೇ ಅದನ್ನು ಕೊಟ್ಟು ಕೈ ಸುಟ್ಟುಕೊಂಡಿದ್ದೇವೆ, ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ನೇರವಾಗಿ ಉತ್ತರ. ಲೆವೆಲ್ಲಿನ ತಡೆ ಮಿಷನ್ನಿನ ಬಾಗಿಲಲ್ಲಿ ಇರಲಿ. ಅದನ್ನು ಆಟ ಮಾಡಿದವರೇ ಇಡಲಿ, ಎಲ್ಲರಿಗೂ ಒಂದೇ ಇರಲಿ. ಒಳಗೆ ಬರುವ ಯೋಗ್ಯತೆ ಇದ್ದವರಲ್ಲಿ ಯಾರ ಜೊತೆ ಯಾರು ಅಂತ ಮತ್ತೆ ಲೆವೆಲ್ ನೋಡಿ ಸೋಸುವ ಕೆಲಸ ಆಟೋ ಕ್ಯೂಗೆ, ಅಂದರೆ ಆ ಬಟನ್ ಒತ್ತಿದವರ ಸಾಲಿಗೆ, ಬೇಡ. ನೀವೇ ಲಾಬಿ (ಆಟಕ್ಕೆ ಮುಂಚೆ ಜನ ಸೇರುವ ಕೋಣೆ) ತೆರೆದು, ಕೂತು, ಒಬ್ಬೊಬ್ಬರನ್ನೇ ಸೇರಿಸಿಕೊಳ್ಳುತ್ತೀರಿ ಅಂದರೆ ಆಗ ನಿಮ್ಮಿಷ್ಟ. ನಿಮ್ಮ ಲಾಬಿ, ನಿಮ್ಮ ಷರತ್ತು.

ಲೆವೆಲ್ ಅನ್ನುವುದು ಏನನ್ನು ಅಳೆಯುತ್ತದೆ ಅಂತ ಸ್ವಲ್ಪ ಯೋಚನೆ ಮಾಡಿ. ಹೆಚ್ಚಿನ ಆಟಗಳಲ್ಲಿ ಅದು ಏರುತ್ತಲೇ ಇರುವ ಮೀಟರ್. ಗೆದ್ದರೂ ಏರುತ್ತದೆ, ಸೋತರೂ ಒಂಚೂರು ಏರುತ್ತದೆ, ಇಳಿಯುವುದಂತೂ ಇಲ್ಲ. ಅಂದಮೇಲೆ 140 ಅಂದರೆ ಈ ಮನುಷ್ಯ ಇಲ್ಲಿ ಇಷ್ಟು ಹೊತ್ತು ಕಳೆದಿದ್ದಾನೆ ಅಂತ ಅರ್ಥ. ಸುಲಭದ ಮಿಷನ್ನನ್ನೇ ತಿರುಗಿಸಿ ತಿರುಗಿಸಿ ಆಡಿ 140 ಮುಟ್ಟಿದವರನ್ನು ನೀವೂ ನೋಡಿರುತ್ತೀರಿ. ಇನ್ನೊಂದು ಕಡೆ, ಲೆವೆಲ್ 18 ಅಂತ ಕಾಣುವವನು ಬೇರೆ ಪ್ಲಾಟ್‌ಫಾರ್ಮ್‌ನಲ್ಲಿ ಇದೇ ಆಟವನ್ನು ಅರೆದು ಕುಡಿದು, ಇಲ್ಲಿ ಗೆಳೆಯರ ಜೊತೆ ಆಡೋಣ ಅಂತ ಹೊಸ ಅಕೌಂಟ್ ಮಾಡಿಕೊಂಡವನಿರಬಹುದು. ಫೈನಲ್ ಫ್ಯಾಂಟಸಿ 14 ಅನ್ನುವ ಆನ್‌ಲೈನ್ ಆಟದಲ್ಲಿ ಒಂದೇ ಪಾತ್ರ ಎಲ್ಲ ಜಾಬ್‌ಗಳನ್ನೂ, ಅಂದರೆ ಕಸುಬುಗಳನ್ನೂ, ಕಲಿಯಬಹುದು, ಒಂದೊಂದಕ್ಕೂ ಬೇರೆ ಲೆವೆಲ್. ಹತ್ತು ಜಾಬ್ ಮುಗಿಸಿದವರು ಹನ್ನೊಂದನೆಯದು ಶುರು ಮಾಡಿದ ದಿನ ಹೆಸರಿನ ಪಕ್ಕ ಕಾಣುವುದು ಆ ಹೊಸ ಜಾಬಿನ ಸಣ್ಣ ನಂಬರ್ ಮಾತ್ರ.

ಹಾಗಂತ ಲೆವೆಲ್ಲಿಗೂ ಆಟಕ್ಕೂ ಸಂಬಂಧವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಒಬ್ಬ ಆಟಗಾರನಲ್ಲಿ ಮೂರು ವಿಷಯ ಬೇರೆಬೇರೆ ಇರುತ್ತವೆ. ಅವನ ಪಾತ್ರಕ್ಕೆ ಎಷ್ಟು ಶಕ್ತಿ ಇದೆ, ಅಂದರೆ ಆಯುಧ, ರಕ್ಷಾಕವಚ, ತೆರೆದುಕೊಂಡಿರುವ ಸ್ಕಿಲ್‌ಗಳು. ಅವನಿಗೆ ಈ ಮಿಷನ್ ಎಷ್ಟು ಗೊತ್ತು, ಅಂದರೆ ಬಾಸ್ (ಮಿಷನ್ನಿನ ದೊಡ್ಡ ಶತ್ರು) ಕೈ ಎತ್ತಿದಾಗ ಎಡಕ್ಕೆ ಓಡಬೇಕೋ ಬಲಕ್ಕೋ. ಮೂರನೆಯದು ಅವನ ಕೈಚಳಕ. ಲೆವೆಲ್ ಮೊದಲನೆಯದನ್ನು ಚೆನ್ನಾಗಿ ಹೇಳುತ್ತದೆ, ಎರಡನೆಯದನ್ನು ಅಂದಾಜಿಗೆ ಹೇಳುತ್ತದೆ, ಮೂರನೆಯದರ ಬಗ್ಗೆ ಹೆಚ್ಚುಕಮ್ಮಿ ಏನೂ ಹೇಳುವುದಿಲ್ಲ. ನಿಮ್ಮ ಟೀಮಿನವರು ಎರಡು ನಿಮಿಷಕ್ಕೆ ಬೀಳುವುದು ಮೊದಲನೆಯ ಕಾರಣಕ್ಕಾದರೆ, ಅಷ್ಟು ಕಮ್ಮಿ ಶಕ್ತಿಯ ಪಾತ್ರವನ್ನು ಆ ಮಿಷನ್ನಿಗೆ ಬಿಟ್ಟಿದ್ದು ಆಟ ಮಾಡಿದವರ ತಪ್ಪು. ಎರಡನೆಯ ಕಾರಣಕ್ಕಾದರೆ ಅವರಿಗೆ ಯಾರಾದರೂ ಹೇಳಿಕೊಡಬೇಕು. ಮೂರನೆಯದಕ್ಕಾದರೆ ನಿಮ್ಮ ಫಿಲ್ಟರ್ ಏನೂ ಮಾಡಲಾರದು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಸೋತ ತಕ್ಷಣ ಎಲ್ಲರ ಕಣ್ಣೂ ಪಟ್ಟಿಯಲ್ಲಿರುವ ಅತಿ ಸಣ್ಣ ನಂಬರಿನ ಮೇಲೆ ಹೋಗುತ್ತದೆ. ಗೆದ್ದಾಗ ಆ ನಂಬರನ್ನು ಯಾರೂ ನೋಡುವುದಿಲ್ಲ. ನಾನೂ ಹಾಗೇ ಮಾಡುತ್ತೇನೆ, ಇದು ನನ್ನ ಕೆಲಸವೇ ಆಗಿದ್ದರೂ. ಹಾಗಾಗಿ ‘ಸಣ್ಣ ಲೆವೆಲ್‌ನವರು ಬಂದಾಗಲೆಲ್ಲ ಸೋಲುತ್ತೇನೆ’ ಅನ್ನುವ ಲೆಕ್ಕ ನಿಮ್ಮ ತಲೆಯೊಳಗೆ ಎಷ್ಟು ಸರಿಯಾಗಿ ಬರೆದಿಟ್ಟಿದೆ ಅನ್ನುವುದರ ಮೇಲೆ ಒಂಚೂರು ಅನುಮಾನ ಇರಲಿ.

ಈಗ ಹಳೆಯ ಒಂದು ಕಥೆ. ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ, ಯಾಕಂದರೆ ನೀವು ಕೇಳುತ್ತಿರುವ ಪ್ರಯೋಗ ಆಗಲೇ ದೊಡ್ಡ ಪ್ರಮಾಣದಲ್ಲಿ ನಡೆದುಹೋಗಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ ಬಂದಿದ್ದು 2004ರಲ್ಲಿ. ಮೊದಲ ವರ್ಷಗಳಲ್ಲಿ ಡಂಜನ್‌ಗೆ (ಐದು ಜನ ಸೇರಿ ಆಡುವ ಮಿಷನ್ನಿಗೆ) ಹೋಗಬೇಕಂದರೆ ಚಾಟ್‌ನಲ್ಲಿ ಕೂಗಿ ಕೂಗಿ ಜನ ಸೇರಿಸಬೇಕಿತ್ತು. 2008ರ ಕೊನೆಗೆ ಬಂದ ಎಕ್ಸ್‌ಪಾನ್ಷನ್ನಿನ (ಆಟದ ಮುಂದುವರಿದ ಭಾಗದ) ಕಾಲದಲ್ಲಿ ಗೇರ್‌ಸ್ಕೋರ್ ಅನ್ನುವ ಆಡ್‌ಆನ್, ಅಂದರೆ ಆಟಕ್ಕೆ ಜೋಡಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್, ಎಲ್ಲರ ಬಾಯಲ್ಲೂ ಇತ್ತು. ಅದನ್ನು ಆಟದ ಕಂಪನಿ ಮಾಡಿದ್ದಲ್ಲ, ಹೊರಗಿನವರು ಮಾಡಿದ್ದು. ಎದುರಿಗಿರುವವರು ತೊಟ್ಟ ಸಾಮಾನನ್ನೆಲ್ಲ ಕೂಡಿ ಒಂದು ನಂಬರ್ ತೋರಿಸುತ್ತಿತ್ತು. ಶುರುವಿನಲ್ಲಿ ಉಪಯೋಗಕ್ಕೆ ಬಂತು. ಆಮೇಲೆ ಏನಾಯಿತು ಅಂದರೆ, ಒಂದು ರೇಡ್‌ಗೆ (ಇನ್ನೂ ಜಾಸ್ತಿ ಜನ ಸೇರಿ ಆಡುವ ದೊಡ್ಡ ಮಿಷನ್ನಿಗೆ) ಕರೆಯುವವರು ಆ ರೇಡ್‌ನಲ್ಲೇ ಸಿಗುವ ಸಾಮಾನು ತೊಟ್ಟವರಷ್ಟೇ ಬನ್ನಿ ಅನ್ನುವಷ್ಟು ನಂಬರ್ ಕೇಳತೊಡಗಿದರು. ಸಾಮಾನು ಬೇಕಂದರೆ ಒಳಗೆ ಹೋಗಬೇಕು, ಒಳಗೆ ಹೋಗಬೇಕಂದರೆ ಸಾಮಾನು ಬೇಕು. ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಅಂತಾರಲ್ಲ, ಹಾಗೆ.

2009ರ ಡಿಸೆಂಬರ್‌ನಲ್ಲಿ ಆಟದೊಳಗೇ ಡಂಜನ್ ಫೈಂಡರ್ ಬಂತು. ಬಟನ್ ಒತ್ತಿದರೆ ಸಾಕು, ಐದು ಜನರನ್ನು ಅದೇ ಸೇರಿಸುತ್ತದೆ. ಅಲ್ಲೂ ಒಳಗೆ ಬರಲು ಸಾಮಾನಿನ ಮಟ್ಟದ ಮಿತಿ ಇತ್ತು, ಆದರೆ ಆ ಮಿತಿ ಡಂಜನ್ನಿನದು, ಎಲ್ಲರಿಗೂ ಒಂದೇ. ನಾನು ಬಾಗಿಲಲ್ಲಿ ಇರಲಿ ಅಂದಿದ್ದು ಇಂಥದ್ದನ್ನೇ. ಇದರಲ್ಲೂ ಜನ ಸಂದು ಹುಡುಕಿದರು. 2010ರ ಕೊನೆಗೆ ಬಂದ ಎಕ್ಸ್‌ಪಾನ್ಷನ್ನಿನಲ್ಲಿ ಚೀಲದಲ್ಲಿರುವ ಸಾಮಾನೂ ಲೆಕ್ಕಕ್ಕೆ ಬರುತ್ತಿತ್ತು. ಸರಿ, ತಮ್ಮ ಪಾತ್ರಕ್ಕೆ ಹೊಂದದ, ಆದರೆ ನಂಬರ್ ಜಾಸ್ತಿ ಇರುವ ಸಾಮಾನನ್ನು ತಂದು ಚೀಲಕ್ಕೆ ತುಂಬಿಕೊಂಡರೆ ಮುಗೀತು, ಬಾಗಿಲು ತೆರೆಯುತ್ತದೆ. ನಂಬರ್ ಕೇಳಿದರೆ ಜನ ನಂಬರನ್ನು ತಂದುಕೊಡುತ್ತಾರೆ. ಕಲಿತುಕೊಂಡು ಬರುತ್ತಾರೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ.

ನನಗೆ ಇದಕ್ಕಿಂತ ಕಾಡುವ ಉದಾಹರಣೆ ಡಾರ್ಕ್ ಸೋಲ್ಸ್ 2, ಬಂದಿದ್ದು 2014ರಲ್ಲಿ. ಅದಕ್ಕೂ ಹಿಂದಿನ ಭಾಗದಲ್ಲಿ ಒಂದು ಕಾಟ ಇತ್ತು. ಲೆವೆಲ್ಲನ್ನು ಬೇಕಂತಲೇ ಏರಿಸದೆ, ಆಯುಧವನ್ನು ಮಾತ್ರ ಭಯಂಕರವಾಗಿ ಬೆಳೆಸಿಕೊಂಡು, ಹೊಸಬರ ಲೋಕಕ್ಕೆ ನುಗ್ಗಿ ಅವರನ್ನು ಚಚ್ಚಿ ಹಾಕುವವರು. ಮ್ಯಾಚ್‌ಮೇಕಿಂಗ್ ಕಣ್ಣಿಗೆ ಇಬ್ಬರದೂ ಒಂದೇ ಲೆವೆಲ್. ಇದನ್ನು ತಡೆಯೋಣ ಅಂತ ಎರಡನೇ ಭಾಗದಲ್ಲಿ ಲೆವೆಲ್ ಬಿಟ್ಟು ಸೋಲ್ ಮೆಮೊರಿ ಅಂತ ತಂದರು. ಆಟದಲ್ಲಿ ನೀವು ಇದುವರೆಗೆ ಗಳಿಸಿದ ಒಟ್ಟು ಸೋಲ್ಸ್ (ಶತ್ರುಗಳನ್ನು ಕೊಂದರೆ ಸಿಗುವ, ಆ ಆಟದ ನಾಣ್ಯ) ಎಷ್ಟು ಅನ್ನುವ ಲೆಕ್ಕ ಅದು. ಖರ್ಚು ಮಾಡಿದರೂ ಇಳಿಯುವುದಿಲ್ಲ. ಸತ್ತು ಕಳೆದುಕೊಂಡರೂ ಇಳಿಯುವುದಿಲ್ಲ. ಈಗ ಯೋಚನೆ ಮಾಡಿ, ಈ ಲೆಕ್ಕದಲ್ಲಿ ಪೆಟ್ಟು ಯಾರಿಗೆ? ಪದೇ ಪದೇ ಸಾಯುವವನಿಗೆ. ಅವನು ಗಳಿಸಿದ್ದೆಲ್ಲ ನೀರುಪಾಲಾಗಿರುತ್ತದೆ, ಪಾತ್ರ ಬೆಳೆದಿರುವುದಿಲ್ಲ, ಆದರೆ ಲೆಕ್ಕದಲ್ಲಿ ಅವನು ಸಾಹುಕಾರ. ಅವನನ್ನು ತನಗಿಂತ ಬಲಶಾಲಿಗಳ ಜೊತೆ ಕೂಡಿಸುತ್ತದೆ, ಅಲ್ಲಿ ಇನ್ನಷ್ಟು ಸಾಯುತ್ತಾನೆ. ಕೊನೆಗೆ, ಗಳಿಸಿದ ಸೋಲ್ಸ್ ಲೆಕ್ಕಕ್ಕೆ ಸೇರದಂತೆ ನುಂಗಿಹಾಕುವ ಒಂದು ಉಂಗುರವನ್ನು ಆಮೇಲಿನ ಅಪ್‌ಡೇಟ್‌ನಲ್ಲಿ ಕೊಡಬೇಕಾಯಿತು. ಪ್ರಗತಿ ಆಗದೇ ಇರಲಿ ಅಂತ ತೊಟ್ಟುಕೊಳ್ಳುವ ಉಂಗುರ! ಅಳತೆಗೋಲು ಕೈಕೊಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

2016ರ ಮೂರನೇ ಭಾಗದಲ್ಲಿ ಬುದ್ಧಿ ಬಂತು. ಲೆವೆಲ್ ಜೊತೆಗೆ ಆಯುಧ ಎಷ್ಟು ಬೆಳೆದಿದೆ ಅಂತಲೂ ನೋಡತೊಡಗಿದರು. ಗೆಳೆಯರು ಒಟ್ಟಿಗೆ ಆಡಬೇಕಂದರೆ ಇಬ್ಬರೂ ಒಂದೇ ಪಾಸ್‌ವರ್ಡ್ ಹಾಕಿಕೊಂಡರೆ ಲೆವೆಲ್ಲಿನ ಅಂತರ ಲೆಕ್ಕಕ್ಕಿಲ್ಲ, ಬದಲಿಗೆ ಬಲಶಾಲಿಯ ಶಕ್ತಿಯನ್ನು ಇಳಿಸುತ್ತಾರೆ. ಈ ಪಾಸ್‌ವರ್ಡ್ ವಿಷಯ ನೆನಪಿರಲಿ, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅದರ ಹತ್ತಿರವೇ ಇದೆ.

ಈಗ ನಮ್ಮ ಪ್ರಯೋಗ. ಆಟದ ಹೆಸರು ಬೇಡ. ನಾಲ್ಕು ಜನರ ಕೋ-ಆಪ್, ನಿಮ್ಮದರ ಥರದ್ದೇ. ಬೇಡಿಕೆ ಜಾಸ್ತಿ ಆಯಿತು ಅಂತ ಹುಡುಕಾಟದ ಪರದೆಯಲ್ಲಿ ‘ಕನಿಷ್ಠ ಲೆವೆಲ್’ ಅಂತ ಒಂದು ಸ್ಲೈಡರ್ (ಎಳೆದು ನಂಬರ್ ಆರಿಸುವ ಪಟ್ಟಿ) ಇಟ್ಟೆವು. ಹಿಂದೆ ಮುಂದೆ ನೋಡದೆ ಒಂದು ದಡ್ಡ ಕೆಲಸವನ್ನೂ ಮಾಡಿದ್ದೆವು, ತನ್ನ ಲೆವೆಲ್‌ಗಿಂತ ಮೇಲಕ್ಕೂ ಸ್ಲೈಡರ್ ಎಳೆಯಲು ಬಿಟ್ಟಿದ್ದೆವು. ಮೊದಲ ವಾರವೇ ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೆವೆಲ್ 40ರವರು ಕನಿಷ್ಠ 80 ಅಂತ ಇಟ್ಟಿದ್ದಾರೆ, 80ರವರು 120 ಅಂತ ಇಟ್ಟಿದ್ದಾರೆ. ಎಲ್ಲರಿಗೂ ತಮಗಿಂತ ಮೇಲಿನವರೇ ಬೇಕು, ತಮ್ಮಂಥವರು ಯಾರಿಗೂ ಬೇಡ. ಸರಿ, ಅದನ್ನು ಸರಿಮಾಡಿ, ನಿಮ್ಮ ಲೆವೆಲ್ಲೇ ಗರಿಷ್ಠ ಅಂದೆವು. ಆಗ ಎಲ್ಲರೂ ತಮ್ಮ ಲೆವೆಲ್ಲಿಗೇ ಎಳೆದಿಟ್ಟರು. ಹುಡುಕಾಟ ಮುಗಿಯುವುದೇ ಇಲ್ಲ. ಜನ ಸ್ಲೈಡರ್ ಇಳಿಸಿದರಾ? ಇಲ್ಲ. ಈ ಆಟವನ್ನು ಈಗ ಯಾರೂ ಆಡುತ್ತಿಲ್ಲ, ಸರ್ವರ್ ಖಾಲಿ ಅಂತ ದೂರು ಕಳಿಸಿದರು. ತಾವೇ ಎಳೆದ ಗೆರೆ ಅವರಿಗೆ ನೆನಪೇ ಇರಲಿಲ್ಲ.

ಇನ್ನೊಂದು ತುದಿಯಲ್ಲಿ ಆಗಿದ್ದು ಇನ್ನೂ ಕೆಟ್ಟದ್ದು. ಹೊಸಬರಿಗೆ ಹೊಸಬರೇ ಸಿಕ್ಕರು. ನಾಲ್ಕು ಜನ, ನಾಲ್ವರಿಗೂ ಬಾಸ್ ಗೊತ್ತಿಲ್ಲ, ಎತ್ತು ಏರಿಗೆಳೀತು ಕೋಣ ನೀರಿಗೆಳೀತು. ಮೂರು ಸಲ ಸೋತರು, ನಾಲ್ಕನೇ ಸಲಕ್ಕೆ ಬರಲಿಲ್ಲ. ಮೊದಲು ಒಬ್ಬ ಹಳಬ ಜೊತೆಗಿದ್ದರೆ ಅವನು ಹೇಳದಿದ್ದರೂ ಅವನ ಹಿಂದೆ ಓಡಿ ಕಲಿಯುತ್ತಿದ್ದರು. ಆರು ತಿಂಗಳು ಬಿಟ್ಟು ನಿಮ್ಮ ಜೊತೆ ಆಡಬೇಕಾದ 100 ಲೆವೆಲ್‌ನವರು ತಯಾರಾಗುವುದು ಇವರಿಂದಲೇ ಅಲ್ವಾ? ಸ್ಲೈಡರನ್ನು ಆಟೋ ಕ್ಯೂನಿಂದ ತೆಗೆದುಹಾಕಿದೆವು. ಕೈಯಾರೆ ಕಟ್ಟುವ ಲಾಬಿಯಲ್ಲಿ ಮಾತ್ರ ಉಳಿಸಿದೆವು. ಬೈಗುಳ ಬಂತು, ಒಂದು ತಿಂಗಳಿಗೆ ತಣ್ಣಗಾಯಿತು.

ಹುಡುಕಾಟ ಯಾಕೆ ಅಷ್ಟು ಬೇಗ ಒಣಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಮಾಡೋಣ. ಇದು ಸುಮ್ನೆ ಊಹೆಯ ಲೆಕ್ಕ. ಒಂದು ಗಳಿಗೆಯಲ್ಲಿ 600 ಜನ ಟೀಮ್ ಹುಡುಕುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಐದು ಸರ್ವರ್ ಪ್ರದೇಶ, ಪಿಂಗ್ (ದೂರದ ಸರ್ವರ್‌ನಿಂದ ಆಗುವ ತಡ) ಕಾರಣಕ್ಕೆ ಬೆರೆಸುವಂತಿಲ್ಲ, ತಲಾ 120 ಉಳಿಯಿತು. ನಾಲ್ಕು ಕಷ್ಟದ ಹಂತ, ತಲಾ 30. ಹತ್ತು ಮಿಷನ್, ತಲಾ 3. ಲೆವೆಲ್ ಫಿಲ್ಟರ್ ಇನ್ನೂ ಹಾಕೇ ಇಲ್ಲ, ಆಗಲೇ ನಾಲ್ಕು ಜನರ ಟೀಮಿಗೆ ಒಬ್ಬ ಕಮ್ಮಿ! ನಿಜವಾದ ಆಟದಲ್ಲಿ ಜನ ಹೀಗೆ ಸಮನಾಗಿ ಹಂಚಿಹೋಗುವುದಿಲ್ಲ. ಎಲ್ಲರೂ ಹೊಸ ಮಿಷನ್ ಒಂದಕ್ಕೆ ಮುಗಿಬಿದ್ದಿರುತ್ತಾರೆ, ಉಳಿದವು ಭಣಭಣ. ಇದರ ಮೇಲೆ ಲೆವೆಲ್ಲಿನ ಐದು ತುಂಡು ಮಾಡಿದರೆ ಏನು ಉಳಿಯುತ್ತದೆ ನೀವೇ ಹೇಳಿ. ಟ್ಯಾಂಕ್ (ಮುಂದೆ ನಿಂತು ಏಟು ತಿನ್ನುವವನು), ಹೀಲರ್ (ಗಾಯ ವಾಸಿ ಮಾಡುವವನು), ಡ್ಯಾಮೇಜ್ (ಹೊಡೆಯುವವನು) ಅಂತ ಪಾತ್ರ ಹಂಚಿಕೆ ಇರುವ ಆಟವಾದರಂತೂ ಇನ್ನೂ ಬಿಗಿ. ವಾರ್‌ಕ್ರಾಫ್ಟ್ ಡಂಜನ್ನಿಗೆ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಮೂವರು ಡ್ಯಾಮೇಜ್ ಬೇಕು. ಟ್ಯಾಂಕ್ ಆಗುವವರು ಯಾವತ್ತೂ ಕಮ್ಮಿ, ಉಳಿದವರೆಲ್ಲ ಆ ಒಬ್ಬನಿಗಾಗಿ ಕಾಯಬೇಕು. ಅಲ್ಲಿ ‘ಟ್ಯಾಂಕ್ ಬೇಕು, ಲೆವೆಲ್ ಇಷ್ಟಿರಬೇಕು’ ಅಂದರೆ ರಾತ್ರಿ ಕಳೆದರೂ ಆಟ ಶುರು ಆಗುವುದಿಲ್ಲ.

ಹಾಗಾದರೆ ಸೋಸುವುದು ಎಲ್ಲೂ ಸರಿಯಲ್ಲವಾ? ಸರಿ ಇರುವ ಕಡೆ ಇದೆ.

ಎದುರಾಳಿಗಳಾಗಿ ಆಡುವ ಆಟದಲ್ಲಿ ಸೋಸಲೇಬೇಕು. ವರ್ಲ್ಡ್ ಆಫ್ ಟ್ಯಾಂಕ್ಸ್ ತಗೊಳ್ಳಿ. ಅಲ್ಲಿ ಟ್ಯಾಂಕು ಅಂದರೆ ಯುದ್ಧದ ವಾಹನ, ಅವಕ್ಕೆ ಟಿಯರ್‌ಗಳಿವೆ, ಅಂದರೆ ಶಕ್ತಿಯ ಹಂತಗಳು, ಒಂದೇ ಪಂದ್ಯದಲ್ಲಿ ನಿಮ್ಮದಕ್ಕಿಂತ ಎರಡು ಟಿಯರ್ ಆಚೀಚೆ ಇರುವವು ಬರಬಹುದು. 2017ರಲ್ಲಿ ಅದಕ್ಕೂ ಒಂದು ಅಚ್ಚು ಮಾಡಿದರು: ತಂಡದಲ್ಲಿ ಮೇಲಿನ ಟಿಯರ್ 3, ನಡುವಿನದು 5, ಕೆಳಗಿನದು 7. ಲೆಕ್ಕದಲ್ಲಿ ಚೆಂದ ಕಂಡಿತು. ಆಡುವವರಿಗೆ ಮಾತ್ರ ‘ನಾನು ಯಾವಾಗ ನೋಡಿದರೂ ಆ ಏಳರಲ್ಲೇ ಇರುತ್ತೇನಲ್ಲ’ ಅನ್ನಿಸಿತು, ಮತ್ತು ಅದು ನಿಜವೇ, ಹದಿನೈದರಲ್ಲಿ ಏಳು ಅಂದರೆ ಅರ್ಧಕ್ಕೆ ಹತ್ತಿರ ಆಯಿತಲ್ಲ. ಆದರೆ ಗಮನಿಸಿ, ಇಲ್ಲಿ ಸೋಸುತ್ತಿರುವುದು ಟ್ಯಾಂಕಿನ ಶಕ್ತಿಯನ್ನು. ಆಟಗಾರನ ಕೈಚಳಕವನ್ನು ಅಳೆಯಲು ಬೇರೆ ವಿಧಾನಗಳಿವೆ. ಅರ್ಪಾಡ್ ಎಲೋ ಚೆಸ್‌ಗೆ ಮಾಡಿಕೊಟ್ಟ ರೇಟಿಂಗನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲೇ ಒಪ್ಪಿಕೊಂಡಿತ್ತು. ಮೈಕ್ರೋಸಾಫ್ಟ್ ರಿಸರ್ಚ್‌ನವರು ಎಕ್ಸ್‌ಬಾಕ್ಸ್‌ಗಾಗಿ ಮಾಡಿದ ಟ್ರೂಸ್ಕಿಲ್ ಒಂದು ಹೆಜ್ಜೆ ಮುಂದೆ ಹೋಗಿ, ನಿಮ್ಮ ಅಂದಾಜು ಮಟ್ಟದ ಜೊತೆಗೆ ಆ ಅಂದಾಜಿನ ಮೇಲೆ ತನಗೆ ಎಷ್ಟು ಅನುಮಾನ ಇದೆ ಅನ್ನುವುದನ್ನೂ ಇಟ್ಟುಕೊಳ್ಳುತ್ತದೆ. ಹೊಸಬ ಬಂದರೆ 25ರಿಂದ ಶುರು, ಅನುಮಾನ ಸುಮಾರು 8.33. ಅನುಮಾನದ ಮೂರು ಪಟ್ಟು ಕಳೆದು ನೋಡಿದರೆ ಸೊನ್ನೆ. ಅಂದರೆ ‘ಇವನು ದಡ್ಡ’ ಅನ್ನುವುದಿಲ್ಲ, ‘ಇವನು ನನಗಿನ್ನೂ ಗೊತ್ತಿಲ್ಲ’ ಅನ್ನುತ್ತದೆ. ನಮ್ಮ ಲೆವೆಲ್ ನಂಬರಿಗೆ ಇಷ್ಟು ವಿನಯ ಇಲ್ಲ. ಕೋ-ಆಪ್‌ನಲ್ಲಿ ಇದನ್ನು ತರುವುದು ಸ್ವಲ್ಪ ಕಷ್ಟ, ಎದುರಾಳಿ ಮನುಷ್ಯನಲ್ಲ, ಗೆಲುವು ನಾಲ್ವರದ್ದು, ಯಾರಿಂದ ಗೆದ್ದಿರಿ ಅಂತ ಬಿಡಿಸಲು ತುಂಬ ಪಂದ್ಯ ಬೇಕು. ಆದರೂ ಲೆವೆಲ್‌ಗಿಂತ ಉತ್ತಮ.

ಕಥೆ ಮುಖ್ಯವಾಗಿರುವ ಆಟದಲ್ಲೂ ಸೋಸುವುದು ಸರಿ. ಕೊನೆಯ ಬಾಸ್ ಯಾರು ಅಂತ ಗೊತ್ತಿಲ್ಲದವನನ್ನು ನೇರ ಅಲ್ಲಿಗೆ ಎಳೆದುಕೊಂಡು ಹೋಗಬಾರದು. 2018ರ ಮಾನ್‌ಸ್ಟರ್ ಹಂಟರ್: ವರ್ಲ್ಡ್ ಇದನ್ನು ಅತಿಗೆ ಒಯ್ದಿತ್ತು. ಕಥೆಯ ಮಿಷನ್ನಿಗೆ ಇಬ್ಬರು ಗೆಳೆಯರು ಒಟ್ಟಿಗೆ ಹೋಗಬೇಕಂದರೆ, ಮೊದಲು ಇಬ್ಬರೂ ಬೇರೆಬೇರೆಯಾಗಿ ಶುರು ಮಾಡಿ, ಆ ವಿಡಿಯೋ ದೃಶ್ಯ ನೋಡಿ ಮುಗಿಸಬೇಕು, ಆಮೇಲೆ ಸೇರಬೇಕು. ಉದ್ದೇಶ ಒಳ್ಳೆಯದೇ. ಆದರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯಿತು.

ಅದೇ ಆಟ ನಿಮ್ಮ ಸಿಟ್ಟಿನ ಇನ್ನೊಂದು ಬೇರನ್ನು ತೋರಿಸುತ್ತದೆ. ಶುರುವಿನಲ್ಲಿ ಅದರಲ್ಲಿ ಬೇಟೆಯ ಪ್ರಾಣಿಯ ಹೆಲ್ತ್‌ಗೆ, ಅಂದರೆ ಅದು ಎಷ್ಟು ಏಟು ತಾಳುತ್ತದೆ ಅನ್ನುವುದಕ್ಕೆ, ಎರಡೇ ಮಟ್ಟ: ಒಬ್ಬರೇ ಇದ್ದರೆ ಒಂದು, ಒಬ್ಬರಿಗಿಂತ ಜಾಸ್ತಿ ಇದ್ದರೆ ಇನ್ನೊಂದು. ಇಬ್ಬರಿದ್ದರೂ ನಾಲ್ವರ ಲೆಕ್ಕವೇ. ನಿಮ್ಮ ಜೊತೆ ಒಬ್ಬ ಹೊಸಬ ಬಂದು ಸೇರಿದ ಕ್ಷಣಕ್ಕೆ ಪ್ರಾಣಿ ದಪ್ಪ ಆಯಿತು, ಅವನು ಹೊಡೆಯುವುದು ಮಾತ್ರ ಅಷ್ಟಕ್ಕಷ್ಟೇ. ಅಂದರೆ ಅವನು ಬಂದಿದ್ದರಿಂದ ನಿಮಗೆ ನಷ್ಟವೇ ಆಯಿತು! 2019ರಲ್ಲಿ ಬಂದ ಅದರ ಎಕ್ಸ್‌ಪಾನ್ಷನ್ ಐಸ್‌ಬೋರ್ನ್‌ನಲ್ಲಿ ಇಬ್ಬರಿಗೆ ಬೇರೆ ಲೆಕ್ಕ ತಂದರು. ನನ್ನ ಅನುಭವದಲ್ಲಿ ‘ಸಣ್ಣ ಲೆವೆಲ್‌ನವರು ಬೇಡ’ ಅನ್ನುವ ಕೂಗಿನ ಬಹುಪಾಲು ಹುಟ್ಟುವುದು ಇಲ್ಲೇ. ತಲೆ ಎಣಿಸಿ ಶತ್ರುವನ್ನು ಬೆಳೆಸುತ್ತಾರೆ, ಆ ತಲೆಗಳಲ್ಲಿ ಎಷ್ಟು ಶಕ್ತಿ ಇದೆ ಅಂತ ನೋಡುವುದಿಲ್ಲ. ನಿಮ್ಮ ಆಟದಲ್ಲೂ ಹೀಗಿದೆಯಾ ಅಂತ ಒಂದು ಸಲ ನೋಡಿ. ಒಬ್ಬರೇ ಹೋದಾಗ ಬಾಸ್ ಬೀಳಲು ಎಷ್ಟು ಹೊತ್ತು, ಸಣ್ಣ ಲೆವೆಲ್‌ನವರು ಮೂವರಿದ್ದಾಗ ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದು ನೋಡಿದರೆ ಸಾಕು.

ಇದಕ್ಕೆ ಮದ್ದು ಇದೆ, ತುಂಬ ಹಳೆಯ ಮದ್ದು. ಜನರನ್ನು ಬೇರೆ ಮಾಡುವ ಬದಲು ಸಮ ಮಾಡುವುದು. ನೆನಪಿರಲಿ ಅಂದ ಆ ಪಾಸ್‌ವರ್ಡ್ ಮಾಡುವುದೂ ಇದನ್ನೇ. 2004ರ ಸಿಟಿ ಆಫ್ ಹೀರೋಸ್‌ನಲ್ಲೇ ಸೈಡ್‌ಕಿಕ್ ಅಂತ ಇತ್ತು, ಸಣ್ಣ ಲೆವೆಲ್‌ನವನನ್ನು ದೊಡ್ಡವನ ಜೊತೆ ಕಟ್ಟಿದರೆ ಅವನ ಲೆವೆಲ್‌ಗಿಂತ ಒಂದೇ ಕೆಳಗಿನವನಾಗಿ ಹೊಡೆದಾಡಬಹುದು. 2012ರ ಗಿಲ್ಡ್ ವಾರ್ಸ್ 2ರಲ್ಲಿ ದೊಡ್ಡವರು ಸಣ್ಣ ಜಾಗಕ್ಕೆ ಹೋದರೆ ತಾವಾಗಿಯೇ ಇಳಿಯುತ್ತಾರೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ 2016ರಲ್ಲಿ ಲೆವೆಲ್ಲಿನ ಗೋಡೆಯನ್ನೇ ಕೆಡವಿ, ಯಾರು ಬೇಕಾದರೂ ಯಾರ ಜೊತೆ ಬೇಕಾದರೂ ಆಡಬಹುದು ಅಂತ ಮಾಡಿತು. ಡಯಾಬ್ಲೊ 4ರಲ್ಲಿ ಒಂದೇ ರಾಕ್ಷಸ ನಿಮ್ಮ ಪರದೆಯಲ್ಲಿ ನಿಮ್ಮ ಲೆವೆಲ್, ನಿಮ್ಮ ಗೆಳೆಯನ ಪರದೆಯಲ್ಲಿ ಅವನ ಲೆವೆಲ್.

ಇದೂ ಪುಕ್ಕಟೆ ಅಲ್ಲ ಅನ್ನಿ. ಫೈನಲ್ ಫ್ಯಾಂಟಸಿ 14ರಲ್ಲಿ ಹಳೆಯ ಡಂಜನ್ನಿಗೆ ಹೋದರೆ ಲೆವೆಲ್ ಇಳಿಯುವುದಷ್ಟೇ ಅಲ್ಲ, ಆ ಲೆವೆಲ್ ಆದಮೇಲೆ ಕಲಿತ ಸ್ಕಿಲ್‌ಗಳೂ ಮಾಯ. ವರ್ಷಗಟ್ಟಲೆ ಅಭ್ಯಾಸ ಆದ ಬೆರಳು ಖಾಲಿ ಬಟನ್ ಒತ್ತುತ್ತಿರುತ್ತದೆ. ಶಕ್ತಿ ಸಮ ಮಾಡಿದರೂ ತಿಳಿವಳಿಕೆ ಸಮ ಆಗುವುದಿಲ್ಲ ಅನ್ನುವುದೂ ನಿಜ, ನಾನು ಮೇಲೆ ಹೇಳಿದ ಎರಡನೆಯ ವಿಷಯ ಹಾಗೇ ಉಳಿಯುತ್ತದೆ. ಅಲ್ಲಿ ಆ ಆಟದವರು ಮಾಡಿದ ಜಾಣತನ ನನಗೆ ತುಂಬ ಇಷ್ಟ. ದಿನಕ್ಕೊಂದು ಸಲ ಯಾವ ಡಂಜನ್ ಬರುತ್ತದೋ ಗೊತ್ತಿಲ್ಲದೆ ಕ್ಯೂಗೆ ಹೋದರೆ ಒಳ್ಳೆಯ ಬಹುಮಾನ. ಟೀಮಿನಲ್ಲಿ ಯಾರಿಗಾದರೂ ಇದು ಮೊದಲ ಸಲವಾದರೆ ಶುರುವಿನಲ್ಲೇ ಹಾಗಂತ ತೋರಿಸುತ್ತಾರೆ, ಮುಗಿದಮೇಲೆ ಉಳಿದವರಿಗೆ ಇನ್ನಷ್ಟು ಕೈಗೆ ಬರುತ್ತದೆ. ಹೀಗಾಗಿ ಹಳಬರ ಕಣ್ಣಿಗೆ ಹೊಸಬ ಬೋನಸ್ ಥರ ಕಾಣುತ್ತಾನೆ. ಅದೇ ಹೊಸಬ, ಅದೇ ತಪ್ಪು, ಬರುವ ಮಾತು ಬೇರೆ. ನಿಮ್ಮ ಆಟ ನಿಮಗೆ ಏನು ಕೊಡುತ್ತದೆ, ಲೆವೆಲ್ 15ರವನನ್ನು ಐದು ಸಲ ಎಬ್ಬಿಸಿದ್ದಕ್ಕೆ? ಏನೂ ಇಲ್ಲ. ನೀವು ಸಿಟ್ಟಾಗುವುದು ಸಹಜ.

ಆಟೋ ಕ್ಯೂನಲ್ಲಿ ಲೆವೆಲ್ಲನ್ನು ನೋಡಲೇಬಾರದು ಅಂತಲೂ ನಾನು ಹೇಳುತ್ತಿಲ್ಲ. ಸದ್ದಿಲ್ಲದೆ, ಮೆತ್ತಗೆ ನೋಡಬಹುದು. ಮೊದಲ ಅರ್ಧ ನಿಮಿಷ ಹತ್ತಿರದ ಲೆವೆಲ್‌ನವರನ್ನು ಹುಡುಕು, ಸಿಗದಿದ್ದರೆ ಅಂತರ ದೊಡ್ಡದು ಮಾಡು, ಇನ್ನೂ ಸಿಗದಿದ್ದರೆ ಇನ್ನೂ ದೊಡ್ಡದು ಮಾಡು, ಕೊನೆಗೆ ಯಾರಾದರೂ ಸರಿ. ನಾವೂ ಕೊನೆಗೆ ಮಾಡಿದ್ದು ಇದನ್ನೇ. ಜನ ಜಾಸ್ತಿ ಇರುವ ಹೊತ್ತಿನಲ್ಲಿ ನಿಮಗೆ ನಿಮ್ಮಂಥವರು ಸಿಗುತ್ತಾರೆ, ಜನ ಇಲ್ಲದ ಹೊತ್ತಿನಲ್ಲಿ ಆಟವಾದರೂ ಸಿಗುತ್ತದೆ. ಸ್ಲೈಡರ್ ಆಟಗಾರರ ಕೈಯಲ್ಲಿ ಇರುವುದಿಲ್ಲ ಅನ್ನುವುದೇ ಇದರ ಗುಟ್ಟು.

ಈಗ ನಿಮ್ಮ ಮಟ್ಟಿಗೆ. ಆಟೋ ಬಟನ್ ಬಿಟ್ಟು ಲಾಬಿ ತೆರೆಯಿರಿ. ಹೆಸರಿನಲ್ಲೇ ಬರೆಯಿರಿ: ‘ಬಾಸ್ ಗೊತ್ತಿರುವವರು ಬನ್ನಿ, ವೇಗವಾಗಿ ಮುಗಿಸೋಣ’ ಅಂತ. ‘100+ ಮಾತ್ರ’ ಅಂತ ಬರೆಯಬೇಡಿ. ಮೊದಲನೆಯದು ನಿಮಗೆ ಬೇಕಾದ್ದನ್ನೇ ಕೇಳುತ್ತದೆ, ಎರಡನೆಯದು ಬೇಕಾದ್ದರ ನೆರಳನ್ನು ಕೇಳುತ್ತದೆ. ಚೆನ್ನಾಗಿ ಆಡಿದವರು ಸಿಕ್ಕರೆ ಮಿಷನ್ ಮುಗಿದ ಕೂಡಲೇ ಫ್ರೆಂಡ್ ರಿಕ್ವೆಸ್ಟ್ ಕಳಿಸಿ, ನಾಳೆ ನೋಡೋಣ ಅಂದುಕೊಂಡರೆ ಹೆಸರೇ ಮರೆತುಹೋಗುತ್ತದೆ. ಹತ್ತು ಜನರ ಪಟ್ಟಿ ಆದರೆ ನಿಮಗೆ ಯಾವ ಫಿಲ್ಟರೂ ಬೇಕಾಗುವುದಿಲ್ಲ. ಆಡುವ ಹುಮ್ಮಸ್ಸು ಇದ್ದು ಅವಸರ ಇಲ್ಲದ ದಿನ ಆಟೋ ಒತ್ತಿ, ಶುರುವಿನಲ್ಲಿ ಒಂದೇ ಸಾಲು ಟೈಪ್ ಮಾಡಿ, ‘ಕೆಂಪು ಬಂದಾಗ ನನ್ನ ಹಿಂದೆ ನಿಲ್ಲಿ’ ಅಂತಲೋ ಏನೋ. ಐದು ಸಲ ಎಬ್ಬಿಸುವುದು ಎರಡಕ್ಕೆ ಇಳಿಯುತ್ತದೆ. ಸುಮ್ಮನೆ ಮೂಲೆಯಲ್ಲಿ ನಿಂತು ಬಹುಮಾನಕ್ಕೆ ಕಾಯುವವರು ಬಂದರೆ ಅದು ಬೇರೆ ವಿಷಯ, ಲೆವೆಲ್ ಎಷ್ಟೇ ಇರಲಿ, ವೋಟ್ ಹಾಕಿ ಕಿಕ್ ಮಾಡಿ, ಪಾಪ ಅನ್ನಬೇಡಿ.

ಆಟದವರಿಗೆ ಬರೆಯುತ್ತೀರಿ ಅಂದರೆ ‘ಲೆವೆಲ್ ಫಿಲ್ಟರ್ ಕೊಡಿ’ ಅಂತ ಬರೆಯಬೇಡಿ. ಅಂಥ ಪತ್ರ ನಮಗೆ ರಾಶಿ ರಾಶಿ ಬರುತ್ತದೆ. ಯಾವ ಮಿಷನ್, ಯಾವ ಕಷ್ಟದ ಹಂತ, ಬಂದವರ ಲೆವೆಲ್ ಎಷ್ಟು, ಅವರು ಬಿದ್ದಿದ್ದು ಒಂದೇ ಏಟಿಗಾ ಅಥವಾ ಬಾಸ್‌ನ ಯಾವುದೋ ಒಂದು ವರಸೆ ಗೊತ್ತಿಲ್ಲದೆಯಾ, ಇಷ್ಟನ್ನು ಮೂರು ಪಂದ್ಯಕ್ಕೆ ಬರೆದು, ತಾರೀಕು ಮತ್ತು ಹೊತ್ತು ಹಾಕಿ ಕಳಿಸಿ. ಒಂದೇ ಏಟಿಗೆ ಅಂತಿದ್ದರೆ ಆ ಮಿಷನ್ನಿನ ಬಾಗಿಲನ್ನು ಎತ್ತರಿಸಬೇಕು ಅನ್ನುವುದಕ್ಕೆ ಅದೇ ಸಾಕ್ಷಿ. ಅಂಥ ಪತ್ರ ಬಂದ ದಿನ ನಾವು ಕೈಲಿದ್ದ ಕೆಲಸ ಬಿಟ್ಟು ಲಾಗ್ ತೆಗೆದು ನೋಡುತ್ತೇವೆ.